ಕಲ್ಲುಮನೆಯೊಳಗಿನ ಅಳತೆ

ದೆವ್ವ ಕಂಡೆ ಎನ್ನುವವರಿಗೆ ಕೈತುಂಬ ಕೆಲಸವಿಲ್ಲ ಎಂದೇ ನಾನು ಆಡಿಕೊಳ್ಳುತ್ತಿದ್ದೆ. ಉರ್ದು ಸಾಲೆಯ ಮೂರನೆಯ ಜಮಾತಿಗೇ ಓದು ಬಿಟ್ಟು ಬಂಡಿ ಹೂಡಿದವನು ನಾನು. ದುಡಿದು ತಿಂದೆ, ಯಾರಿಗೂ ತಲೆ ಬಗ್ಗಿಸಲಿಲ್ಲ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದೇನಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಹೈದರಾಬಾದಿನಲ್ಲಿ ಮಾನವಶಾಸ್ತ್ರ ಓದುತ್ತಿದ್ದ ರಾಯಚೂರಿನ ತರುಣನೊಬ್ಬ ಗಂಗಾವತಿಗೆ ಬಂದು ನನ್ನ ಬಂಡಿ ಗೊತ್ತು ಮಾಡಿದ. ಊರೂರು ಅಲೆದು ಜನರ ತಲೆ, ಮೂಗು, ಎತ್ತರ ಅಳೆಯುವುದೇ ಅವನ ಓದಂತೆ. ನಮ್ಮಲ್ಲಿ ಆಳುದ್ದ ಹಗ್ಗ ಹಿಡಿದು ಗಂಟು ಹಾಕುವುದು ಹೆಣಕ್ಕೆ ಮಾತ್ರ, ಕುಣಿ ತೋಡುವ ಮುಂಚೆ. ಹೀಗಾಗಿ ಅವನೆದುರು ಒಬ್ಬರೂ ನಿಲ್ಲಲೊಲ್ಲರು.

"ಜೀವ ಇದ್ದಾಗ ಅಳತಿ ಕೊಟ್ರ ಮಣ್ಣು ಹೆಸರು ಹಿಡದು ಕರೀತೈತೋ ತಮ್ಮಾ," ಎಂದಳು ಒಬ್ಬ ಮುದುಕಿ.

"ಕರೀಲಿ ಬಿಡಬೇ, ಪುರಸತ್ತಿಲ್ಲ ಅಂತೀನಿ," ಎಂದು ನಾನೇ ಮುಂದೆ ನಿಂತು ಅಳತೆ ಕೊಟ್ಟೆ. ಜನ ನಕ್ಕರು, ಆಮೇಲೆ ಒಬ್ಬೊಬ್ಬರೇ ಬಂದರು. ಕೊನೆಗೆ ಅವನೂ ತಮಾಷೆಗೆ ತನ್ನನ್ನೇ ಅಳೆಸಿಕೊಂಡ.

ಮರುದಿನ ಹೊತ್ತು ಇಳಿಯುವಾಗ ಗುಡ್ಡದ ಮೇಲಿನ ಮೋರೇರ ಮನೆಗಳಿಗೆ ಹೋದೆವು. ಯಾವುದೋ ಕಾಲದ ಸತ್ತವರಿಗಾಗಿ ಬಂಡೆ ನಿಲ್ಲಿಸಿ ಕಟ್ಟಿದ ಗೂಡುಗಳವು. ಒಂದು ಗೂಡಿನ ಗೋಡೆಯಲ್ಲಿ ದುಂಡನೆಯ ಕಂಡಿ. ಅವನ ಟೇಪು ಬಿಡಾರದಲ್ಲೇ ಉಳಿದಿತ್ತು. ಒಳಗಿನ ಉದ್ದ ಅಳೆಯಲೆಂದು ನನ್ನ ಬಂಡಿಯ ಹಗ್ಗದ ತುದಿ ಹಿಡಿದು ಕಂಡಿಯತ್ತ ಬಾಗಿದ. ನಾನು ಇನ್ನೊಂದು ತುದಿ ಕೈಗೆ ಸುತ್ತಿಕೊಂಡು, ಗಾಳಿಗೆ ಬೆನ್ನು ಮಾಡಿ ಬೀಡಿ ಹಚ್ಚಿದೆ. ಹಗ್ಗ ಒಳಗೆ ಸರಿಯಿತು. ಆಮೇಲೆ ಮೆಲ್ಲಗೆ ಜಗ್ಗಿತು.

"ಸಿಕ್ತೇನ್ರಿ ಸಾಹೇಬ್ರ?"

"ಹೂಂ," ಎಂದಿತು ಒಳಗಿನ ದನಿ.

"ಯಾರ ಜೋಡಿ ಮಾತಾಡಾಕತ್ತೀರಿ?"

ತಿರುಗಿದರೆ ಅವನು ನನ್ನ ಬಲಕ್ಕೆ, ಹೊರಗೇ ನಿಂತಿದ್ದ! ಕಂಡಿಯಲ್ಲಿ ಮೈ ಹಿಡಿಸಲಿಲ್ಲವೆಂದು ಹಗ್ಗವನ್ನು ಒಳಕ್ಕೆ ಎಸೆದು, ಹಿಂದಿನ ಬಂಡೆ ನೋಡಲು ಹೋಗಿದ್ದನಂತೆ.

ಹಗ್ಗ ಇನ್ನೂ ಬಿಗಿಯಾಗಿತ್ತು. ಇಬ್ಬರೂ ನೋಡಿದೆವು. ತುಸು ಹೊತ್ತಿಗೆ ತಾನಾಗಿಯೇ ಸಡಿಲಾಯಿತು. ಎಳೆದುಕೊಂಡೆ. ಒಳಗೆ ಹೋಗುವಾಗ ಗಂಟೇ ಇಲ್ಲದಿದ್ದ ಹಗ್ಗಕ್ಕೆ, ತುದಿಯಿಂದ ಆಳುದ್ದಕ್ಕೆ, ಒಂದು ಗಂಟು ಬಿದ್ದಿತ್ತು.

ಅವನು ಹಗ್ಗದ ತುದಿ ಕೈಗೆತ್ತಿಕೊಂಡ. "ತಡೀರಿ, ನನ್ನ ಎತ್ತರಕ್ಕ ಹಿಡದು ನೋಡೂಣು."

"ಬ್ಯಾಡ್ರೀ, ನಿಮ್ಮ ಕಾಲು ಬೀಳ್ತೀನಿ!" ಎಂದು ಕಸಿದುಕೊಂಡು ಓಡಿ ಇಳಿದೆ.

ಮರುದಿನದ ಗಾಡಿಗೇ ಅವನು ಹೊರಟುಹೋದ. ಆಮೇಲೆ ಸುದ್ದಿಯಿಲ್ಲ. ಹಗ್ಗ ಸುಡಲು ನನಗೆ ಧೈರ್ಯವಾಗಲಿಲ್ಲ. ಕೊಟ್ಟಿಗೆಯ ತೊಲೆಗೆ ಕಟ್ಟಿದ್ದೇನೆ, ಗಂಟಿನ ಕಡೆಯ ತುದಿ ನೆಲ ಮುಟ್ಟುತ್ತದೆ. ಆ ಗಂಟು ಅವನ ಅಳತೆಯೋ, ನನ್ನದೋ? ಪಕ್ಕದಲ್ಲಿ ಒಮ್ಮೆ ನೆಟ್ಟಗೆ ನಿಂತರೆ ತಿಳಿದೀತು. ಆದರೆ ಇಷ್ಟು ವರ್ಷವಾದರೂ ಆ ಕೊಟ್ಟಿಗೆಯಲ್ಲಿ ನಾನು ಬಗ್ಗಿಯೇ ನಡೆಯುತ್ತೇನೆ.