ಒಂದೇ ಉಸಿರಿನ ವರ್ಣಮಾಲೆ

ಉಸಿರಾಟದ ಪಾಠ ಹೇಳಿಯೇ ಹೊಟ್ಟೆ ಹೊರೆಯುವವಳು ನಾನು. ಬನಾರಸಿನ ಮೆಡಿಕಲ್ ಕಾಲೇಜೊಂದರಲ್ಲಿ ಪ್ರತಿ ವರ್ಷ ಹೊಸ ಮಕ್ಕಳ ಮುಂದೆ ನಿಂತು ಅದನ್ನೇ ಹೇಳುತ್ತೇನೆ: ಸುಮ್ಮನೆ ಕೂತಾಗ ಉಸಿರು ಎಳೆಯುವುದಕ್ಕೂ ಬಿಡುವುದಕ್ಕೂ ಹಿಡಿಯುವ ಹೊತ್ತಿನಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ, ಮಾತಿಗೆ ಕೂತೆವೋ, ಗಬಕ್ಕನೆ ಎಳೆದುಕೊಂಡು ಜುಗ್ಗರ ಹಾಗೆ ಚೂರುಚೂರೇ ಬಿಡುತ್ತೇವೆ. ಬಿಟ್ಟ ಆ ಗಾಳಿಯೇ ಗಂಟಲಿನ ತಂತುಗಳನ್ನು ನಡುಗಿಸಿ ದನಿಯಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದವಳೇ ಆವತ್ತು ಇದೇ ಊರಿನ ಜಂಗಮವಾಡಿಯಲ್ಲಿ ಮಾನ ಕಳೆದುಕೊಂಡೆ.

ಇಲ್ಲಿ ನಮ್ಮ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ನವೆಂಬರಿನ ಒಂದು ಭಾನುವಾರ ಜಂಗಮವಾಡಿಯ ಓಣಿಯೊಳಗಿನ ಹಾಲ್‌ನಲ್ಲಿ ಸೇರಿ, ಊಟಕ್ಕೆ ಮುಂಚೆ ಒಂದು ಆಟ ಆಡುತ್ತೇವೆ. ‘ಅ’ದಿಂದ ‘ಳ’ದವರೆಗೆ ಒಂದೇ ಉಸಿರಿಗೆ ಹೇಳಬೇಕು. ಅಡುಗೆಯ ಅಜ್ಜಾರು ದೀಪದ ಬತ್ತಿಯಿಂದ ಹತ್ತಿಯ ಒಂದೆಳೆ ಹಿಂಜಿ ಹೇಳುವವರ ಮೂಗಿನ ಕೆಳಗೆ ಹಿಡಿಯುತ್ತಾರೆ. ಎಳೆ ಮೂಗಿನ ಕಡೆ ವಾಲಿತೋ, ಕದ್ದು ಉಸಿರೆಳೆದಿರಿ ಅಂತ ಅರ್ಥ, ಔಟ್. ಗೆದ್ದವರಿಗೆ ಮೊದಲ ಹೋಳಿಗೆ.

ಹೋಳಿಗೆ ಯಾರಿಗೆ ಬೇಕಿತ್ತು! ನನಗೆ ಬೇಕಿದ್ದದ್ದು ಮಗಳ ಬಾಯಲ್ಲಿ ಕನ್ನಡ. ಒಂಬತ್ತು ವರ್ಷದವಳು, ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಬೈದದ್ದಾಯಿತು, ರಮಿಸಿದ್ದಾಯಿತು, ಗಂಗೆಯಾಚೆಯ ರಾಮನಗರಕ್ಕೆ ಕರೆದೊಯ್ದು ಲಸ್ಸಿ ಕುಡಿಸಿದ್ದೂ ಆಯಿತು. ಕುಡಿದು ಕೆನೆಯ ಮೀಸೆ ಒರೆಸಿಕೊಂಡು ಹಿಂದಿಯಲ್ಲೇ ಇನ್ನೊಂದು ಕೇಳಿದಳು. ಕೊನೆಗೆ ಅವಳೇ ಪಂದ್ಯ ಕಟ್ಟಿದಳು: ಮಮ್ಮಿ ಗೆದ್ದರೆ ಒಂದು ತಿಂಗಳು ಮನೆಯಲ್ಲಿ ಕನ್ನಡ, ಸೋತರೆ ನಾನು ಅವಳ ಹಿಂದಿಯ ತಂಟೆಗೇ ಹೋಗಬಾರದು. ನಾನು ಕುಣಿದಾಡಿಬಿಟ್ಟೆ. ಉಸಿರಿನ ವಿಷಯದಲ್ಲಿ ನನ್ನನ್ನು ಸೋಲಿಸುವವರು ಯಾರಿದ್ದಾರೆ ಅಂತ ಜಂಬ.

ವೇದಿಕೆ ಹತ್ತುವ ಮೊದಲು ಬಾಗಿಲ ಮರೆಯಲ್ಲಿ ನಿಂತು ಬುಸುಬುಸು ಇಪ್ಪತ್ತು ಸಲ ಉಸಿರಾಡಿದೆ. ಹಾಗೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರು ಬೇಕೆಂಬ ತವಕ ತಡವಾಗಿ ಬರುತ್ತದೆ. ತಲೆಯೂ ತಿರುಗುತ್ತದೆ, ಅಪಾಯ, ಮಾಡಬೇಡಿ ಅಂತ ಮಕ್ಕಳಿಗೆ ಹೇಳಿಕೊಡುವವಳೂ ನಾನೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಅ ಆ ಇ ಈ ಅಂತ ಹೊರಟಾಗಲೇ ತುಟಿ ಜುಮುಗುಟ್ಟಿತು. ಹಾಲ್ ಗಂಗೆಯ ಮೇಲಿನ ದೋಣಿಯ ಹಾಗೆ ತೂಗಿತು. ಅಜ್ಜಾರು ಇಬ್ಬರಾಗಿ ಕಂಡರು, ನನಗೆ ನಗು ಉಕ್ಕಿ ಬಂತು. ಖ, ಘ, ಛ, ಝ, ಒಂದೊಂದು ಮಹಾಪ್ರಾಣವೂ ಎದೆಯ ಗಾಳಿಯನ್ನು ಹಿಡಿಗಟ್ಟಲೆ ನುಂಗುತ್ತಿತ್ತು, ನಾನೋ ಗತ್ತಿಗೆ ಅವನ್ನೇ ಒತ್ತಿ ಒತ್ತಿ ಹೇಳಿದೆ. ‘ಫ’ ಅಂದದ್ದೇ ಎಲ್ಲ ಖಾಲಿ. ಕಿಸಕ್ಕನೆ ನಕ್ಕು, ಹತ್ತಿಯ ಎಳೆಯನ್ನು ಮೂಗಿನೊಳಕ್ಕೇ ಎಳೆದುಕೊಂಡು, ಸೀನುತ್ತ ಕೆಳಗೆ ಕೂತುಬಿಟ್ಟೆ. ಹಾಲ್‌ಗೆ ಹಾಲೇ ನಕ್ಕಿತು. ಸೋತೆ, ಇನ್ನು ಮಗಳ ಕನ್ನಡ ಮುಗಿಯಿತು ಅಂತ ಗೊತ್ತಿದ್ದರೂ ನಗು ನಿಲ್ಲಲಿಲ್ಲ. ನಗುವೂ ಹೊರಗೆ ಹೋಗುವ ಗಾಳಿಯೇ ತಾನೆ. ಒಳಗೆ ಎಳೆದುಕೊಳ್ಳಲು ಪುರುಸೊತ್ತೇ ಇರಲಿಲ್ಲ.

ನಗದವಳು ಒಬ್ಬಳೇ. ಮಗಳು ಜನರನ್ನು ತಳ್ಳಿಕೊಂಡು ಓಡಿಬಂದು ನನ್ನ ಬೆನ್ನು ಸವರತೊಡಗಿದಳು. ಅವಳ ಮುಖ ಬಿಳಿಚಿತ್ತು. ಮಮ್ಮಿ ಅನ್ನಲಿಲ್ಲ. ನಾನು ಫೋನಿನಲ್ಲಿ ನನ್ನ ತಾಯಿಯನ್ನು ಹೇಗೆ ಕರೆಯುತ್ತೇನೋ ಹಾಗೇ ಕರೆದಳು.

“ಅವ್ವಾ, ಉಸಿರು ತಗೋ. ಮಾತಾಡಬ್ಯಾಡ. ಮೊದಲು ಉಸಿರು ತಗೋ.”

ತಗೊಂಡೆ, ಎದೆ ತುಂಬ.