ಅತ್ತಿಯ ಗಲ್ಲದಾಗಿನ ತಂಬಾಕು

ನಮ್ಮ ಅತ್ತಿ ಸತ್ತದ್ದು ಯಾರ ಕಣ್ಣೂ ಬಿದ್ದಲ್ಲ. ಗಲ್ಲದೊಳಗಿನ ಹುಣ್ಣಿನಿಂದ ಸತ್ತಳು. ಆ ಹುಣ್ಣಿನ ಮ್ಯಾಲೆ ದಿನಾ ಮುಂಜಾನೆ ತಂಬಾಕು ಇಟ್ಟಾಕಿ ನಾನು. ಇದು ಬರೇ ಹುಣ್ಣಲ್ಲ, ಜಲ್ದಿ ಮಿರಜಿನ ದೊಡ್ಡ ದವಾಖಾನಿಗೆ ಕರಕೊಂಡು ಹೋಗ್ರಿ ಅಂತ ಡಾಕ್ಟರಬಾಯಿ ಹೇಳಿದ್ದನ್ನ ಎರಡು ತಿಂಗಳು ಮುಚ್ಚಿಟ್ಟಾಕಿನೂ ನಾನ. ಓಣಿ ಮಂದಿ ದೃಷ್ಟಿ ಅಂದರು, ಗ್ರಹಚಾರ ಅಂದರು. ಅನ್ನಲಿ. ನಡದದ್ದು ಇಷ್ಟ.

ನಾನು ಕಲಿತದ್ದು ಮೂರನೇ ಇಯತ್ತಿ. ಅಕ್ಷರ ತಪ್ಪಿದ್ದರ ಓದವರು ತಿದ್ದಿಕೊಳ್ರಿ.

ನನ್ನ ತವರುಮನಿ ಲಕ್ಷ್ಮೇಶ್ವರ. ಸ್ವಾತಂತ್ರ್ಯ ಬರೋದಕ್ಕ ಒಂದು ವರ್ಷ ಮೊದಲು ಬೆಟಗೇರಿಗೆ ಸೊಸಿಯಾಗಿ ಬಂದೆ. ಆಗ ಲಕ್ಷ್ಮೇಶ್ವರ ಸಂಸ್ಥಾನದ ಊರು, ಬೆಟಗೇರಿ ಮುಂಬೈ ಸರಕಾರದ್ದು. ನಡುವ ಸುಂಕದ ನಾಕಾದಾಗ ನಮ್ಮ ಚಕ್ಕಡಿ ನಿಲ್ಲಿಸಿ, ಮದಲಗಿತ್ತಿ ಟ್ರಂಕು ತಗಸಿ, ಸೀರಿ ಕೆಳಗ ತಂಬಾಕು ಐತೇನು ಅಂತ ಕೈ ಹಾಕಿ ನೋಡಿದರು. ನಮ್ಮಪ್ಪ ಅಂದ, "ಚುಟ್ಟಾ ಮಾಡೋ ಮನಿಗೇ ಮಗಳನ್ನ ಕೊಟ್ಟೇನೋ ಮಾರಾಯಾ. ಅಲ್ಲಿಗೆ ತಂಬಾಕು ಹೊತಗೊಂಡು ಹೋಗಾಕ ನನಗೇನ ಹುಚ್ಚ ಹಿಡದೈತಿ?" ಸಿಪಾಯಿ ನಕ್ಕು ಬಿಟ್ಟ.

ಬೆಟಗೇರಿ ಓಣಿ ತುಂಬ ಮಗ್ಗದ ಸಪ್ಪಳ. ನಮ್ಮ ಮನಿಯಾಗ ಸಪ್ಪಳಿಲ್ಲ, ಬರೇ ಘಾಟು. ಬಂದ ವಾರ ಸೀನಿ ಸೀನಿ ನನ್ನ ಕಣ್ಣು ಕೆಂಪಾದವು. ಅತ್ತಿ ಮಣಿ ಮ್ಯಾಲೆ ಕುಂತು ಚುಟ್ಟಾ ಸುತ್ತಕೋತ ಅಂದಳು, "ಸೀನವಾ, ಸೀನು. ನಾನೂ ಮೂರು ತಿಂಗಳ ಸೀನೇನಿ. ಆಮ್ಯಾಲೆ ಮೂಗು ಸುಮ್ಮನಾಗತೈತಿ. ಸೊಸಿ ಯಾವಾಗ ಸುಮ್ಮನಾಗತಾಳೋ ಅದು ಗೊತ್ತಿಲ್ಲ."

ಮಾವ ಆಗಲೇ ಸತ್ತಿದ್ದ. ಮನಿ ನಡಸಾಕಿ ಅತ್ತಿ. ನಮ್ಮ ಮನಿಯವರು ಆಕಿಗೆ ಒಬ್ಬನ ಮಗ. ಅವರು ಚುಟ್ಟಾದ ಕಟ್ಟು ಹೊತ್ತು ಶಿರಹಟ್ಟಿ, ಮುಂಡರಗಿ, ಕೋಟುಮಚಗಿ ಸಂತಿ ತಿರುಗತಿದ್ದರು. ಕಟ್ಟುವದು ನೇಕಾರರ ಮನಿಯಾಗ ಬೀಳೋ ರಂಗಿನ ನೂಲಿನಿಂದ. ಕೆಂಪು ನೂಲಿನ ಕಟ್ಟು ಕಂಡರ ಸಾಕು, ಮುಂಡರಗಿ ಮಂದಿ "ಬೆಟಗೇರಿ ಮುದುಕಿ ಚುಟ್ಟಾ ಬಂತು" ಅಂತಿದ್ದರು. ಅದಕ್ಕ ಅತ್ತಿ, "ಯಾವಾಕಿ ಮುದುಕಿ? ಹೋಗಿ ಅವರವ್ವನ್ನ ಕೇಳಂತ ಹೇಳು" ಅಂತ ಮಗನ ಮ್ಯಾಲೆ ಹರಿಹಾಯತಿದ್ದಳು. ಒಳಗೊಳಗ ಖುಷಿ.

ಕೆಲಸ ಹೇಳತೇನಿ. ನಿಪ್ಪಾಣಿ ಕಡಿಂದ ಬಂದ ಎಲಿಗೆ ನೀರು ಚಿಮಕಿಸಿ ಮೆತ್ತಗ ಮಾಡಬೇಕು. ನಡುವಿನ ದಂಟನ್ನ ಎಲಿ ಹರೀದಂಗ ಎಳದು ತಗೀಬೇಕು. ಚೂರು ಎಲಿ ಒಳಗ ಹಾಕಿ, ಮ್ಯಾಲೆ ತೂತಿಲ್ಲದ ಚೊಲೋ ಎಲಿ ಓರೆಯಾಗಿ ಸುತ್ತಕೋತ ಬರಬೇಕು. ಕಡೀಕ ತುದಿ ಅಂಟಿಸಾಕ ಉಳದವರು ಗಂಜಿ ಹಚ್ಚತಿದ್ದರು. ನಮ್ಮ ಅತ್ತಿ ನಾಲಿಗಿಯಿಂದ ನೆಕ್ಕಿ ಅಂಟಿಸಾಕಿ. ಗಂಜಿ ಸುಟ್ಟರ ಹೊಗಿ ರುಚಿ ಕೆಡತೈತಿ ಅನ್ನೋದು ಆಕಿ ಹಟ. ಎಲ್ಲಾರೂ ಆಕಿ ಚುಟ್ಟಾ ಸಿಹಿ ಅಂತಿದ್ದರು. ಆಕಿ ಒಂದ ದಿನನೂ ಸೇದಿದಾಕಿ ಅಲ್ಲ. ಆದರ ಹೊತ್ತು ಹುಟ್ಟಿದರ ಮುಳುಗೋತನಕ ನಾಲಿಗಿ ಮ್ಯಾಲೆ ತಂಬಾಕ.

ಗದಗ ಸ್ಟೇಶನ್ನಾಗ ಒಬ್ಬ ರೈಲು ಗಾರ್ಡ್ ಇದ್ದ, ಟೊಪ್ಪಿಗಿ ಹಾಕೋ ಸಾಹೇಬ. ವಿಲಾಯತಿ ಸಿಗಾರು ಸಿಗದಾಗ ನಮ್ಮ ಚುಟ್ಟಾ ತರಸತಿದ್ದ. ಸ್ವಾತಂತ್ರ್ಯ ಬಂದ ಮ್ಯಾಲೆ ಅವನು ದೇಶ ಬಿಟ್ಟು ಹೊಂಟ. ಹೋಗೋ ಮುಂದ ಒಂದು ಕಟ್ಟಿಗಿ ಪೆಟ್ಟಿಗಿ ಅತ್ತಿಗೆ ಕೊಟ್ಟು ಹೋದ. ಒಳಗ ಸಿಗಾರ ಒಂದೂ ಇಲ್ಲ, ಸಿಗಾರಿಗೆ ತೊಡಸಿರತಾರಲ್ಲ, ಆ ಕಾಗದದ ಉಂಗುರ ತುಂಬಿದ್ದವು. ಒಂದರ ಮ್ಯಾಲೆ ಕಿರೀಟ, ಒಂದರ ಮ್ಯಾಲೆ ಸಿಂಹ, ಒಂದರ ಮ್ಯಾಲೆ ಗುಂಗುರು ಕೂದಲಿನ ಹೆಂಗಸು, ಸುತ್ತಲೂ ಬಂಗಾರದ ಬಣ್ಣ. ಅತ್ತಿ ಅವನ್ನ ಚಾಪಿ ಮ್ಯಾಲೆ ಸುರುವಿ, ಜೋಡಿ ಹಚ್ಚಿ, ಮತ್ತ ಪೆಟ್ಟಿಗಿಗೆ ತುಂಬತಿದ್ದಳು. ಒಮ್ಮೊಮ್ಮೆ ಬೆರಳಿಗೆ ಏರಿಸಿಕೊಂಡು ನೋಡಾಕಿ.

"ಅತ್ತಿ, ಮಂದಿ ಕಂಡರ ನಗತಾರ್ರಿ" ಅಂದೆ.

"ಗಂಡ ಸತ್ತಾಕಿಗೆ ಬಂಗಾರ ಬ್ಯಾಡ ಅಂತಾರ. ಕಾಗದ ಬ್ಯಾಡ ಅಂತ ಯಾರ ಹೇಳ್ಯಾರ?"

ಪ್ಯಾಟಿಗೆ ಹೋದ ನಮ್ಮ ಮನಿಯವರಿಗೆ ಎಲ್ಲೆರೆ ಅಂಥ ಉಂಗುರ ಬಿದ್ದಿದ್ದು ಸಿಕ್ಕರ ಆರಿಸಿ ತರತಿದ್ದರು. ಅವ್ವನ ಸಿಟ್ಟು ಇಳಿಸಾಕ ಅದಕ್ಕಿಂತ ಚೊಲೋ ಔಷಧ ಇರಲಿಲ್ಲ. ಆದರ ನೋಡಿ ಆದ ಮ್ಯಾಲೆ ಪ್ರತಿ ಸಲ ಒಂದ ಮಾತು, "ನಮ್ಮ ಚುಟ್ಟಾಕ್ಕ ಯಾಕೋ ಉಂಗುರಿಲ್ಲ? ಬೋಳ ಬೆರಳ ಹಂಗ ಕಾಣತಾವಲ್ಲೋ."

ಹಂಗ ಹತ್ತು ವರ್ಷ ಹೋತು. ನನಗ ಒಬ್ಬಾಕಿ ಮಗಳು ಹುಟ್ಟಿ ನಾಕು ವರ್ಷದಾಕಿ ಆಗಿದ್ದಳು. ಆ ಬ್ಯಾಸಿಗ್ಯಾಗ ಅತ್ತಿಗೆ ಬಲಗಡೆ ದವಡಿ ಹಲ್ಲು ನೋಯಾಕ ಹತ್ತಿತು. ಹಲ್ಲಿನಾಗ ಹುಳ ಆಗೇತಿ, ತಂಬಾಕಿನ ದಂಟು ಒತ್ತಿ ಇಟ್ಟರ ಹುಳ ಸಾಯತೈತಿ ಅಂತ ನಮ್ಮಲ್ಲಿ ಎಲ್ಲಾರೂ ಮಾಡತಿದ್ದರು. ಆಕಿ ಕೈ ಎಲಿ ಹಿಡದು ಅಂಟಾಗಿರತಿತ್ತು. ಅದಕ್ಕ ನನಗ ಅಂತಿದ್ದಳು, "ಬಾರ ಇಲ್ಲೆ, ನಿನ್ನ ಬೆರಳು ಸಣ್ಣವು. ಒಳಗ ತಳ್ಳು." ನಾನು ದಂಟನ್ನ ಹಲ್ಲಿಗೂ ಗಲ್ಲಕ್ಕೂ ನಡುವ ತಳ್ಳತಿದ್ದೆ. ಘಳಿಗಿ ಹೊತ್ತಿಗೆ ಜುಮ್ಮಂದು ನೋವು ನಿಲ್ಲತಿತ್ತು. ಮಳಿಗಾಲ ಬರೋದರಾಗ ಹಲ್ಲು ತಾನ ಉದುರಿತು. ಹಲ್ಲಿದ್ದ ಜಾಗದಾಗ ಗಲ್ಲದ ಒಳಗ ಬೆಳ್ಳಗ ದಡ್ಡು ಬಿತ್ತು. ಆಮ್ಯಾಲೆ ಅದು ಒಡೀತು. ನಾವು ಹುಳ ಗಲ್ಲಕ್ಕ ಇಳೀತು ಅಂದಿವಿ. ತಂಬಾಕು ಹೆಚ್ಚಿಗಿ ಇಟ್ಟಿವಿ.

ಗಣೇಶ ಚೌತಿ ಮುಗದ ವಾರ. ನಮ್ಮ ಮನಿಯವರು ಮುಂಡರಗಿಗೆ ಹೋಗಿದ್ದರು. ಅತ್ತಿ ರೊಟ್ಟಿ ಹಾಲಿನಾಗ ನೆನಸಿದರೂ ನುಂಗಲಾರದೆ ಅಳಾಕ ಹತ್ತಿದಳು. ಆಕಿ ಅತ್ತದ್ದನ್ನ ಅವತ್ತಿನ ತನಕ ನಾ ಕಂಡಿರಲಿಲ್ಲ. ಒತ್ತಾಯ ಮಾಡಿ ದವಾಖಾನಿಗೆ ಕರಕೊಂಡು ಹೋದೆ, ಮಗಳೂ ಜೋಡಿ ಇದ್ದಳು. ಡಾಕ್ಟರಬಾಯಿ ಕಿಡಕಿ ಬೆಳಕಿಗೆ ಬಾಯಿ ತಗಸಿ ನೋಡಿ, ಗಲ್ಲದ ಕೆಳಗ ಕುತಗಿಗೆ ಕೈ ಹಚ್ಚಿ ನೋಡಿ, ನನ್ನ ಕೇಳಿದಳು.

"ಇಲ್ಲಿ ಏನ ಇಡತೀರಿ?"

"ತಂಬಾಕ್ರಿ. ಹುಳಕ್ಕ."

"ಹುಳ ಇಲ್ಲ, ಏನೂ ಇಲ್ಲ. ಇದು ಕ್ಯಾನ್ಸರ್ ಇರಬೇಕು. ತಂಬಾಕು ಇವತ್ತ ಬಿಡ್ರಿ. ಈ ತಿಂಗಳ ಒಳಗ ಮಿರಜಿಗೆ ಒಯ್ರಿ. ಈಗ ಸಣ್ಣದೈತಿ, ಕೊಯ್ದು ತಗೀತಾರ. ತಡಾ ಮಾಡಬ್ಯಾಡ್ರಿ."

ಅತ್ತಿ ಎಲ್ಲಾ ಕೇಳಿದಳು. ಹೊರಗ ಬಂದು ಬೇವಿನ ಗಿಡದ ಕೆಳಗ ಕುಂತಳು. ನಾನು, ಇವರು ಬಂದ ಕೂಡಲೇ ಹೇಳೋಣ, ಮಿರಜಿಗೆ ಹೋಗೋಣ ಅಂದೆ. ಆಕಿ ನನ್ನ ಮಗಳನ್ನ ಹತ್ತರ ಕರದು, ನನ್ನ ಕೈ ಹಿಡದು, ಮಗಳ ತಲಿ ಮ್ಯಾಲೆ ಇಟ್ಟಳು.

"ಆಣಿ ಹಾಕು. ಕನ್ನಡ ರಾಜ್ಯ ಒಂದಾಗೋ ಹಬ್ಬ ಮುಗಿಯೋ ತನಕ ಅವಗ ಹೇಳೂದಿಲ್ಲ ಅಂತ."

ಆ ಹಬ್ಬಕ್ಕೂ ನಮಗೂ ಏನು ಸಂಬಂಧ ಅಂದರ, ಗದಗ ಪ್ಯಾಟಿ ಹತ್ತಿ ವ್ಯಾಪಾರಸ್ಥನೊಬ್ಬ ಆವತ್ತು ಮೆರವಣಿಗಿಗೆ ಬರೋ ಹಿರೇರಿಗೆಲ್ಲ ಹಂಚಾಕ ಅತ್ತಿ ಕೈ ಚುಟ್ಟಾ ಕೇಳಿದ್ದ. ಗದಗಿನಾಗ ಛಾಪಖಾನಿಗೆ ಬರ ಇಲ್ಲ. ಅಲ್ಲೇ ಉಂಗುರ ಛಾಪಿಸಿ ಕೊಡತೇನಿ ಅಂದಿದ್ದ. ನಮ್ಮ ಚುಟ್ಟಾಕ್ಕ ಉಂಗುರ.

"ಅತ್ತಿ, ಉಂಗುರ ದೊಡ್ಡದೋ ಜೀವ ದೊಡ್ಡದೋ?"

"ಮಿರಜಿಗೆ ಹೋದಾಕಿ ತಿರುಗಿ ಬರತೇನೋ ಇಲ್ಲೋ. ಅವಗ ಹೇಳಿದಿ ಅಂದರ ನಾಳೆನ ಗಾಡಿ ಹತ್ತಸತಾನ. ಎರಡು ತಿಂಗಳಿಗೆ ಏನಾಗತೈತಿ? ಹುಣ್ಣೇನು ಓಡಿ ಹೋಗತೈತೇನು? ಹಾಕ ಆಣಿ."

ಮಗಳ ತಲಿ ಮ್ಯಾಲಿನ ಕೈ ನಾನು ಕಿತ್ತುಕೊಳ್ಳಬೇಕಾಗಿತ್ತು. ಕಿತ್ತುಕೊಳ್ಳಲಿಲ್ಲ. ಹೂಂ ಅಂದೆ. ಮಕ್ಕಳ ಮ್ಯಾಲಿನ ಆಣಿ ಮುರದರ ಏನಾಗತೈತಿ ಅಂತ ನಮ್ಮ ಕಡೆ ಯಾವ ತಾಯಿಗೂ ಕಲಿಸಿ ಕೊಡಬೇಕಾಗಿಲ್ಲ. ಒಂದು ಕಡೆ ಡಾಕ್ಟರಬಾಯಿ ಮಾತು, ಒಂದು ಕಡೆ ನನ್ನ ಕೂಸಿನ ನೆತ್ತಿ. ನಾನು ನೆತ್ತಿ ನೋಡಿದೆ.

ಇಷ್ಟಕ್ಕ ನಿಂತಿದ್ದರ ಒಂದು ಮಾತು. ಮರುದಿನ ಅತ್ತಿ ನೋವು ತಡಿಯಲಾರದೆ, "ಇಡಬೇ ತಾಯಿ, ಇವತ್ತೊಂದ ದಿನ ಇಡು" ಅಂದಳು. ಇಟ್ಟೆ. ಇಡದಿದ್ದರ ಆಕಿ ಕೈ ನಡುಗಿ ಎಲಿ ಹರೀತಿತ್ತು, ಇಟ್ಟರ ಕುಂತು ಸುತ್ತತಿದ್ದಳು. ಎರಡು ತಿಂಗಳು ಹಂಗ ಹೋದವು. ನಮ್ಮ ಮನಿಯವರು ಸಂತಿಯಿಂದ ಬಂದು, "ಏನಬೇ, ಗಲ್ಲ ಯಾಕ ಊದೇತಿ?" ಅಂದರ, "ನಿನ್ನ ಹೆಂಡತಿ ಉಂಡಿ ಮಾಡಿದ್ದಳು, ಒಂದ ಇಟಗೊಂಡೇನಿ" ಅನ್ನಾಕಿ. ಅವರು ನಗತಿದ್ದರು. ನಾನು ಒಲಿ ಊದತಿದ್ದೆ. ಕಡೀ ವಾರದಾಗ ನಾಲಿಗಿ ಹೊರಗ ಬರದಂಗಾತು. ಆಕಿ ಸುತ್ತಿ ಕೊಟ್ಟಳು, ನಾನು ಹಿಂದ ಕುಂತು ನೆಕ್ಕಿ ಅಂಟಿಸಿದೆ.

ಉಂಗುರ ಬಂದವು. ಹಳದಿ ಕಾಗದ, ಕೆಂಪು ಅಕ್ಷರ, "ಬೆಟಗೇರಿ ಚುಟ್ಟಾ" ಅಂತ. ನಾನು ಓದಿ ಹೇಳಿದೆ. ಅತ್ತಿ ಅದರ ಮ್ಯಾಲೆ ಬೆರಳಾಡಿಸಿ, "ಇದರಾಗ ಯಾವುದು ಬೆಟಗೇರಿ, ಯಾವುದು ಚುಟ್ಟಾ?" ಅಂತ ಕೇಳಿದಳು. ತೋರಿಸಿದೆ. ಒಂದೊಂದಕ್ಕೂ ತಾನ ತೊಡಸಿದಳು. ನನಗ ಮುಟ್ಟಗೊಡಲಿಲ್ಲ.

ಆವತ್ತು ಗದಗಿನ ತುಂಬ ತೋರಣ, ವಾದ್ಯ, ಜೈಕಾರ. ದೀಪಾವಳಿನೂ ಅದರ ಜೋಡಿನ ಬಂದಿತ್ತು. ಹೆಸರು ಮಾತ್ರ ಮೈಸೂರು ಅಂತ ಇಟ್ಟಾರಂತ ಕೆಲವರು ಮುಖ ಗಂಟು ಹಾಕಿಕೊಂಡಿದ್ದರು. ಅತ್ತಿ ಹೋಗಲಿಲ್ಲ. ನಮ್ಮ ಮನಿಯವರು ಬಂದು, ಇಂಥಿಂಥ ಹಿರೇರು ನಿನ್ನ ಚುಟ್ಟಾ ಹಚ್ಚಿದರು, ಉಂಗುರ ಬಿಚ್ಚಿ ಕಿಸೆದಾಗ ಇಟಗೊಂಡರು ಅಂತ ಕೈ ಆಡಿಸಿ ಆಡಿಸಿ ಹೇಳಿದರು. ಆಕಿ ಸೆರಗಿನಿಂದ ಗಲ್ಲ ಮುಚ್ಚಿಕೊಂಡು ಎಲ್ಲಾ ಕೇಳಿದಳು. ಆಮ್ಯಾಲೆ ಸೆರಗು ತಗದು, "ಮಿರಜಿಗೆ ಹೋಗೋಣೇನೋ?" ಅಂದಳು. ಗಲ್ಲಕ್ಕ ಹೊರಗಿಂದನೂ ತೂತು ಬೀಳಾಕ ಹತ್ತಿತ್ತು.

ಮಿರಜಿನಾಗ ದೊಡ್ಡ ಡಾಕ್ಟರು ನೋಡಿ, ಈಗ ಕುತಗಿಗೆ ಇಳದೈತಿ, ಕೊಯ್ಯಾಕ ಬರೂದಿಲ್ಲ ಅಂದರು. ಎರಡು ತಿಂಗಳು ಮೊದಲು ಯಾಕ ತರಲಿಲ್ಲ ಅಂದರು. ನಮ್ಮ ಮನಿಯವರು ಕೈ ಮುಗದು, "ನಮಗ ಗೊತ್ತಿರಲಿಲ್ರಿ ಸಾಹೇಬ್ರ, ಗೊತ್ತಿದ್ದರ ಹೊತಗೊಂಡು ಬರತಿದ್ದೆ" ಅಂತ ಅತ್ತರು. ನಾನು ಬಾಜೂಕ ನಿಂತಿದ್ದೆ. ಅತ್ತಿ ನನ್ನ ಕಡೆ ನೋಡಿದಳು. ಬ್ಯಾಡ ಅಂತ ಕಣ್ಣಾಗ ಹೇಳಿದಳು. ಹಬ್ಬ ಮುಗದಿತ್ತು, ಆಣಿ ತೀರಿತ್ತು. ಆದರೂ ನನ್ನ ಬಾಯಿ ತಗೀಲಿಲ್ಲ. ಅದಕ್ಕ ಆಣಿ ಕಾರಣ ಅಲ್ಲ, ನನ್ನ ಅಂಜಿಕಿ ಕಾರಣ.

ಅತ್ತಿ ಸಂಕ್ರಮಣ ದಾಟಿದಳು. ಕಡೀಕ ಬಟ್ಟಿ ತೋಯಿಸಿ ಹಾಲು ಹಿಂಡಿದರ ಗಲ್ಲದ ತೂತಿನಿಂದ ಹೊರಗ ಬರತಿತ್ತು. ಮಾತು ಇರಲಿಲ್ಲ. ಬೆರಳಿನಿಂದ ಗಲ್ಲ ತೋರಿಸಿ ತಂಬಾಕು ಬೇಡತಿದ್ದಳು. ಕೊಟ್ಟೆ. ಇನ್ನ ಏನ ಉಳದಿತ್ತು ಕೊಡದೇ ಇರಾಕ? ಒಂದು ಮಧ್ಯಾಹ್ನ, ಮಗ ಕಾಲು ಒತ್ತತಿದ್ದಾಗ ಹೋದಳು. ಸಂಜಿಗೆ ಮಣ್ಣು ಮಾಡಿ ಬಂದಿವಿ. ಬಂದವರೆಲ್ಲ, "ಚುಟ್ಟಾಕ್ಕ ಉಂಗುರ ಹಾಕಿಸಿದರಲ್ಲ, ಮಂದಿ ಕಣ್ಣು ಬಿತ್ತು" ಅಂದರು. ನಮ್ಮ ಮನಿಯವರು ತಲಿ ಆಡಿಸಿದರು.

ಮರುದಿನ ಮುಂಜಾನೆ ನಾನು ಅಂಗಳ ಬಳೀತಿದ್ದೆ. ಎದುರು ಮನಿ ನೇಕಾರರ ಹೆಣ್ಣುಮಗಳು ಗಲ್ಲ ಹಿಡಕೊಂಡು ಬಂದಳು. "ಅಕ್ಕಾರ, ಇಂಥ ಹೊತ್ತಿನಾಗ ಬಂದೇನಿ, ಬೈಬ್ಯಾಡ್ರಿ. ರಾತ್ರೆಲ್ಲ ಹಲ್ಲು ಜಗ್ಗೇತಿ. ಅಮ್ಮಾರ ಬುಟ್ಟ್ಯಾಗಿನ ಒಂದು ದಂಟು ಕೊಡ್ರಿ." ನಮ್ಮ ಮನಿಯವರು ಕಟ್ಟಿ ಮ್ಯಾಲಿಂದ ಎದ್ದು, ಒಳಗ ಹೋಗಿ, ದಂಟು ತಂದು ಆಕಿ ಕಡೆ ಚಾಚಿದರು.

"ಕೊಡಬ್ಯಾಡ್ರಿ" ಅಂದೆ.

"ಅವ್ವ ಇದ್ದಾಗ ಯಾರಿಗೂ ಇಲ್ಲ ಅಂದಿಲ್ಲ. ನೀ ಇವತ್ತ ಸುರು ಮಾಡತೀಯೇನು?"

"ನಿಮ್ಮವ್ವನ್ನ ಅದ ಕೊಂದದ್ದು. ಡಾಕ್ಟರಬಾಯಿ ಹೇಳಿದ್ದಳು, ಚೌತಿ ಆದ ವಾರನ. ಜಲ್ದಿ ಒಯ್ದರ ಉಳೀತಾರ ಅಂದಿದ್ದಳು. ಅವ್ವಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಮ್ಯಾಲೂ ದಿನಾ ನಾನ ಇಟ್ಟೇನಿ."

ಅವರ ಕೈ ಚಾಚಿದ್ದು ಚಾಚಿದಂಗ ಇತ್ತು. "ಚೌತಿಯಿಂದ?" ಅಂದರು.

"ಹೂಂ."

ಅವರು ಬೈಯಲಿಲ್ಲ, ಹೊಡೀಲಿಲ್ಲ. ದಂಟು ಕೆಳಗ ಬಿತ್ತು. ಒಳಗ ಹೋಗಿ ಬಾಗಲಾ ಹಾಕಿಕೊಂಡರು. ಬಾಗಲದ ಆ ಕಡೆಯಿಂದ ಬಂದ ಸಪ್ಪಳ ನಾ ಬರಿಯೂದಿಲ್ಲ.

ಸತ್ತ ಮನಿಯವರು ಮೂರು ದಿನ ಹೊಸಲು ದಾಟಬಾರದು ಅಂತ ಪದ್ಧತಿ. ನಾನು ಕೈಯಾಗಿನ ಸಗಣಿ ತೊಳಕೊಂಡೆ, ಮಗಳನ್ನ ಟೊಂಕಕ್ಕ ಎತ್ತಿಕೊಂಡೆ, ನೇಕಾರರ ಹೆಣ್ಣುಮಗಳ ರಟ್ಟಿ ಹಿಡದು ದವಾಖಾನಿ ಕಡೆ ನಡದೆ.