ಕಲ್ಲಿನ ಹೆಂಗಸಿನ ಕೂದಲ ಕೆಂಪು

ಆ ದಿನ ನಾನು ಬಾಯಿ ಬಿಡಲಿಲ್ಲ. ನನ್ನ ತಂಗಿ ಸುಮಾ ತನ್ನ ಮೇಷ್ಟ್ರ ಎದುರು ಸುಳ್ಳು ಹೇಳಿ ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿ ನಿಂತಿದ್ದಳು. ಬಾಗಿಲ ಬಳಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ನನಗೊಬ್ಬಳಿಗೇ ನಿಜ ಗೊತ್ತಿತ್ತು.

ಆಗ ನಾನು ಅಮೆರಿಕದ ಟ್ರಾಯ್ ಎಂಬ ಊರಿನಲ್ಲಿ ಮೈಸೂರಿನವರೊಬ್ಬರ ಮನೆಯಲ್ಲಿ ಅಡುಗೆ ಮಾಡುತ್ತಿದ್ದೆ. ಆ ಮನೆಯ ಅಂಕಲ್‌ಗೆ ಹಳೆಯ ವಸ್ತುಗಳ ಹುಚ್ಚು. ಅವರ ಬಳಿ ಪ್ರಾಚೀನ ರೋಮಿನ ಅಮೃತಶಿಲೆಯ ತಲೆಯೊಂದಿತ್ತು — ಅಂಗೈ ಮೇಲೆ ಕೂರುವಷ್ಟು ಚಿಕ್ಕ ಹೆಂಗಸಿನ ಮುಖ. ಸುಮಾ ಆಗ ಅಲ್ಲಿನ ಯೂನಿವರ್ಸಿಟಿಯಲ್ಲಿ ಹಳೆಯ ಶಿಲ್ಪಗಳ ಬಗ್ಗೆಯೇ ಓದುತ್ತಿದ್ದಳು. ನನ್ನನ್ನು ನೋಡಲು ಬಂದವಳಿಗೆ ಆ ಕಲ್ಲಿನ ತಲೆಯ ಕೂದಲ ಸಂದಿಯಲ್ಲಿ ಕೆಂಪು ಬಣ್ಣ ಕಂಡಿತಂತೆ. ನನಗೆ ಹೇಳಲಿಲ್ಲ, ಮೇಷ್ಟ್ರನ್ನು ಕರೆತರುತ್ತೇನೆಂದು ಅಂಕಲ್‌ಗೆ ಹೇಳಿ ಹೋದಳು.

ಅಷ್ಟರಲ್ಲಿ ದಸರಾ ಬಂತು. ಗೊಂಬೆ ಕೂರಿಸುವಾಗ ಆಂಟಿ, "ಈ ರೋಮಿನ ಸೊಸೆನೂ ಈ ಸಲ ಪಟ್ಟದ ಗೊಂಬೆ ಪಕ್ಕ ಕೂತ್ಕೊಳ್ಲಿ, ಸ್ವಲ್ಪ ಧೂಳು ಒರ್ಸು" ಎಂದರು. ಒರೆಸು ಎಂದರು, ಅಷ್ಟೇ. ಆ ಕೆಂಪು ನನಗೆ ಯಾರೋ ಹಚ್ಚಿ ಬಿಟ್ಟ ಹಳೆಯ ಕುಂಕುಮದಂತೆ ಕಂಡಿತು. ದೇವರ ಪಾತ್ರೆ ಬೆಳಗಿ ಅಭ್ಯಾಸವಾದ ಕೈ — ಹುಣಸೇಹಣ್ಣು ಹಾಕಿ ಬ್ರಷ್‌ನಿಂದ ತಿಕ್ಕಿದೆ. ಬೆಳ್ಳಗಾಯಿತು. ಎಷ್ಟು ಹೆಮ್ಮೆಯಾಗಿತ್ತು ನನಗೆ...

ಮೇಷ್ಟ್ರು ಬಂದು ಭೂತಗನ್ನಡಿ ಹಿಡಿದು ಕೆಂಪು ಬಣ್ಣಕ್ಕಾಗಿ ಹುಡುಕಿದರು, ಸಿಗಲಿಲ್ಲ. ನಾನು ತಿಕ್ಕಿ ತೆಗೆದದ್ದು ಅದನ್ನೇ ಎಂದು ನನಗೆ ಆಗ ಹೊಳೆಯಿತು. ಇಂಗ್ಲಿಷಿನಲ್ಲಿ ಅವರು ಅಂದದ್ದು ನನಗೂ ಅರ್ಥವಾಯಿತು — ನೋಡಬೇಕೆಂದು ಆಸೆಪಟ್ಟದ್ದನ್ನೇ ನೋಡಿದ್ದೀಯ. ಕೆಲಸ ಹೋದೀತೆಂದು ನಾನು... ಸುಮ್ಮನಿದ್ದೆ. ಆ ವರ್ಷವೇ ಸುಮಾ ಓದು ಬಿಟ್ಟು ಕಾರಿನ ಬಿಡಿಭಾಗಗಳ ಆಫೀಸು ಸೇರಿದಳು.

ಕಳೆದ ತಿಂಗಳು ಇಬ್ಬರೂ ಶಿಕಾಗೋಗೆ ಹೋಗಿದ್ದೆವು, ಡೆವನ್ ರಸ್ತೆಯ ನಮ್ಮ ದೇಶದವರ ಅಂಗಡಿಗಳಲ್ಲಿ ಸಾಮಾನು ಕೊಳ್ಳಲು. ಮ್ಯೂಸಿಯಂಗೆ ಹೋಗೋಣವೆಂದು ನಾನೇ ಹಟ ಹಿಡಿದೆ. ಅವಳು ಬೇಡ ಬೇಡವೆನ್ನುತ್ತಲೇ ಬಂದಳು. ರೋಮಿನ ಕೋಣೆಯಲ್ಲಿ ಮಾತ್ರ ಅವಳೇ ಮುಂದೆ ಹೋಗಿ ಕಲ್ಲಿನ ಹೆಂಗಸಿನ ತಲೆಯೊಂದರ ಎದುರು ನಿಂತಳು.

"ಇಲ್ಲಿ ಬಾ ಅಕ್ಕ. ಬಗ್ಗಿ ನೋಡು, ಕಿವಿ ಹಿಂದೆ."

ನೋಡಿದೆ. ಸುರುಳಿಗೂದಲ ಆಳದಲ್ಲಿ ಕೆಂಪು — ಸಾಸಿವೆಯಷ್ಟು. ಯಾವನೋ ಕುಂಚ ಅದ್ದಿ ಎಳೆದದ್ದು. ಅವನ ಮನೆ, ಅವನ ದೇವರು, ಅವನ ಹೆಸರು ಎಲ್ಲವೂ ಮಣ್ಣಾಗಿವೆ. ಅವನ ಕೈಯ ಒಂದು ಎಳೆತ ಇನ್ನೂ ಅಲ್ಲಿದೆ. ಪಕ್ಕದ ಪರದೆಯಲ್ಲಿ ಅದೇ ಮುಖಕ್ಕೆ ಬಣ್ಣ ತುಂಬಿ ತೋರಿಸಿದ್ದರು — ತುಟಿ, ರೆಪ್ಪೆ, ಕಂದು ಕಣ್ಣು. ಕಲ್ಲೆಂದುಕೊಂಡಿದ್ದವಳು ನನ್ನನ್ನೇ ನೋಡುತ್ತಿದ್ದಳು. ಇಷ್ಟು ಶತಮಾನಗಳ ಮಣ್ಣು, ನೀರು ಅಳಿಸಲಾರದ್ದನ್ನು ನಾನು —

"ಆಗೆಲ್ಲಾ ಹೀಗೇ ಬಣ್ಣ ಹಚ್ತಿದ್ರು" ಎಂದಳು ಸುಮಾ. "ಆಂಟಿ ಮನೇದ್ರಲ್ಲಿ ಮಾತ್ರ ಏನೂ ಇರ್ಲಿಲ್ಲ ಬಿಡು. ಅವತ್ತಿಂದ ನನ್ ಕಣ್ಣನ್ನ ನಾನೇ ನಂಬಲ್ಲ."

ಅವಳ ಕೈ ಹಿಡಿದೆ.

"ಇತ್ತು ಕಣೇ. ನೀನು ನೋಡಿದ್ದು ನಿಜ. ನಾನೇ ತಿಕ್ಕಿ ತೆಗ್ದಿದ್ದೆ. ನಿಮ್ ಮೇಷ್ಟ್ರು ಬಂದಾಗ ಗೊತ್ತಿದ್ದೂ ಸುಮ್ನೆ ನಿಂತಿದ್ದೆ. ತಪ್ಪಾಯ್ತು ಸುಮಾ. ನನ್ನಿಂದ ತಪ್ಪಾಯ್ತು."